ಹಡಗು ತಪ್ಪಿದ ಗೇರುಬೀಜ

ಹೆಮ್ಮಾಡಿ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತ ಮೂವತ್ತನಾಲ್ಕು ವರ್ಷ ಕಳೆದು, ಕಳೆದ ವರ್ಷದ ಕೊನೆಯಲ್ಲಿ ನಿವೃತ್ತಳಾದೆ. ಈಗ ಈ ಕೆಲಸಕ್ಕೆ ಸೇರುವವರು ಬಿ.ಕಾಂ. ಮುಗಿಸಿದವರು, ಕಂಪ್ಯೂಟರ್ ಬಲ್ಲವರು. ಇನ್‌ವಾಯ್ಸ್ ಹೇಗೆ ಮಾಡಬೇಕು, ಬಂದರಿನ ಏಜೆಂಟರಿಗೆ ಯಾವ ಕಾಗದ ಮೊದಲು ಹೋಗಬೇಕು ಎಂಬುದನ್ನೆಲ್ಲ ಅವರು ಒಂದು ವಾರದಲ್ಲಿ ಕಲಿಯುತ್ತಾರೆ. ಅದಕ್ಕೆ ನನ್ನ ಅಗತ್ಯವಿಲ್ಲ. ಆ ಕಾಗದ ಎಲ್ಲಿಂದ ಎಲ್ಲಿಗೆ ತಾಗುತ್ತದೆ ಎಂಬುದು ಅರ್ಥವಾಗಲು ಮಾತ್ರ ನನಗೆ ಬಹಳ ವರ್ಷ ಹಿಡಿಯಿತು. ಅಷ್ಟನ್ನು ಬರೆದಿಡುತ್ತೇನೆ.

ಮೊದಲು ಕೆಲಸದ ಸ್ವರೂಪ ಹೇಳಬೇಕು. ನಮ್ಮ ಊರಿನ ಗುಡ್ಡಗಳಲ್ಲಿ ಆಗುವ ಗೇರುಬೀಜ ಕಾರ್ಖಾನೆಗೆ ಎರಡು ತಿಂಗಳಿಗೂ ಸಾಲದು. ಉಳಿದದ್ದು ಪಶ್ಚಿಮ ಆಫ್ರಿಕಾದಿಂದ ಗೋಣಿಗಳಲ್ಲಿ ತುಂಬಿ ಹಡಗಿನಲ್ಲಿ ಮಂಗಳೂರಿಗೆ ಬರುತ್ತದೆ. ಇಲ್ಲಿ ಅದನ್ನು ಹಬೆಯಲ್ಲಿ ಬೇಯಿಸಿ, ಚಿಪ್ಪು ಒಡೆದು, ತಿರುಳನ್ನು ಬೋರ್ಮಾ ಎಂಬ ಬಿಸಿ ಕೋಣೆಯಲ್ಲಿ ಒಣಗಿಸಿ, ಕೆಂಪು ಸಿಪ್ಪೆ ಸುಲಿದು, ಗಾತ್ರ ನೋಡಿ ವಿಂಗಡಿಸಿ, ಡಬ್ಬಿಗೆ ತುಂಬುತ್ತಾರೆ. ಮಾಡುವವರು ಹೆಚ್ಚಿನಂಶ ಹೆಂಗಸರು. ಬೈಂದೂರು ಕಡೆಯಿಂದ, ಕುಂದಾಪುರದ ಸುತ್ತಿನಿಂದ ಬಸ್ಸಿನಲ್ಲಿ ಬರುವವರು. ಒಡೆಯದ, ದೊಡ್ಡ ಗಾತ್ರದ ಬಿಳಿ ಬೀಜ ಅಮೆರಿಕಕ್ಕೆ ಹೋಗುತ್ತಿತ್ತು. ಒಂದು ಖಂಡದಿಂದ ಬಂದು ಇನ್ನೊಂದು ಖಂಡಕ್ಕೆ ಹೋಗುವ ಸರಕಿನ ನಡುವೆ ಹೆಮ್ಮಾಡಿಯ ಹೆಂಗಸರ ಕೈ. ಆ ಕೈಯ ಲೆಕ್ಕವನ್ನು ಹೊರದೇಶಕ್ಕೆ ಕಾಗದದಲ್ಲಿ ಹೇಳುವುದು ನನ್ನ ಕೆಲಸ.

ನಾನು ಸೇರಿದಾಗ ಕಚೇರಿಯ ಮೇಲ್ವಿಚಾರಕರಾಗಿದ್ದವರು ಕಾಮತರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ನಾನು ಟೈಪ್ ಮಾಡಿದ ಹಾಳೆಯನ್ನು ಅವರು ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಪದ ಹಿಂದುಮುಂದಾಗಿ ಓದುತ್ತಿದ್ದರು. ಅರ್ಥ ಹಿಡಿದು ಓದಿದರೆ ತಪ್ಪು ಕಾಣುವುದಿಲ್ಲ ಎಂಬುದು ಅವರ ವಾದ. ಸೇರಿದ ಎರಡನೇ ವರ್ಷ ಅವರು ರಜೆಯಲ್ಲಿದ್ದಾಗ ನಾನೇ ಒಂದು ಕಂತಿನ ಕಾಗದ ಕಳುಹಿಸಿದೆ. 'ತಿರುಳು' ಎಂಬುದರ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ತಪ್ಪಿತ್ತು. ಖರೀದಿದಾರರ ಬ್ಯಾಂಕು ಅದನ್ನೇ ಹಿಡಿದು ಕಾಗದ ಹಿಂದಕ್ಕೆ ಕಳುಹಿಸಿತು. ಸರಕು ಅಲ್ಲಿಯ ಬಂದರಿನಲ್ಲಿ ವಾರಗಟ್ಟಲೆ ಬಿದ್ದಿತು. ಕಾಮತರು ಬಯ್ಯಲಿಲ್ಲ.

"ಲಲಿತಾ, ಈ ಕಾಗ್ದ ಓದುವವ್ರ್ ನಿನ್ನ ಮುಖ ಕಾಂಬುದಿಲ್ಲೆ. ಅವ್ರಿಗೆ ನಾವ್ ಅಂದ್ರೆ ಇದೇ," ಎಂದು ಹೇಳಿ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಅವರ ಕಾಲದಲ್ಲಿ ನಾವು ಹೆದರುತ್ತಿದ್ದದ್ದು ಅಕ್ಷರ ತಪ್ಪಿಗೆ, ಮಳೆಗೆ, ಹುಳುವಿಗೆ. ಬೇರೆ ದೇಶಗಳ ನಡುವಿನ ಜಗಳಕ್ಕೂ ಹೆದರಬೇಕಾಗುತ್ತದೆ ಎಂದು ಅವರೂ ಹೇಳಿರಲಿಲ್ಲ. ಟೈಪ್‌ರೈಟರ್ ಹೋಗಿ ಫ್ಯಾಕ್ಸ್ ಬಂತು, ಅದೂ ಹೋಗಿ ಇಮೇಲ್ ಬಂತು, ಕಾಮತರು ನಿವೃತ್ತರಾಗಿ ತೀರಿಯೂ ಹೋದರು. ಆಮೇಲೆ ಒಂದು ದಿನ ಅಮೆರಿಕ, ಚೀನಾ ಎರಡೂ ಪರಸ್ಪರರ ಸರಕಿನ ಮೇಲೆ ಸುಂಕ ಏರಿಸತೊಡಗಿದವು. ಪೇಪರಿನಲ್ಲಿ ಓದಿದೆ. ಅದು ಉಕ್ಕು, ಸೋಯಾ, ಮೊಬೈಲು ಇಂಥದ್ದರ ಜಗಳ ಎಂದುಕೊಂಡು ಪುಟ ತಿರುಗಿಸಿದೆ. ನನ್ನ ವೃತ್ತಿಯ ದೊಡ್ಡ ತಪ್ಪು ಅಲ್ಲಿಂದ ಶುರು.

ಗಿನಿ-ಬಿಸಾವ್‌ನಲ್ಲಿ ನಮಗೆ ಬೀಜ ಕೊಡಿಸುತ್ತಿದ್ದ ಮಾಮಾದು ಎಂಬ ಏಜೆಂಟ್ ಇದ್ದ. ಫೋನಿನಲ್ಲಿ ಮಾತ್ರ ಪರಿಚಯ. ಹರಕು ಇಂಗ್ಲಿಷು ಇಬ್ಬರದೂ. ಮಾತಿಗೆ ಮೊದಲು ನಮ್ಮಲ್ಲಿ ಮಳೆ ಹೇಗೆ ಎಂದು ಕೇಳುವವನು. ಆ ವರ್ಷ ಅವನ ದನಿ ಬೇರೆ ಇತ್ತು. ಚೀನಾ ಅಮೆರಿಕದ ಬಾದಾಮಿ, ಪಿಸ್ತಾಗಳಿಗೆ ಸುಂಕ ಹಾಕಿದೆ. ಅಲ್ಲಿಯವರು ಆ ಜಾಗಕ್ಕೆ ಗೇರುಬೀಜ ಕೇಳುತ್ತಿದ್ದಾರಂತೆ. ಅವರಿಗೆ ಮಾರಲು ವಿಯೆಟ್ನಾಂನ ಕಾರ್ಖಾನೆಯವರು ನಮ್ಮೂರಿಗೆ ಬಂದು ಗೋಣಿ ಗೋಣಿಯೇ ಎತ್ತುತ್ತಿದ್ದಾರೆ ಎಂದ. ನಮ್ಮ ಸರಕು ಹೊರಟಿದೆಯಲ್ಲ ಎಂದು ಕೇಳಿದೆ. ಹೊರಟಿದೆ, ಕಾಗದ ಬರುತ್ತದೆ ಎಂದ. ಕಾಗದವೂ ಬಂತು.

ಅಷ್ಟರಲ್ಲಿ ಕಾರ್ಖಾನೆಯ ಗೋದಾಮು ಖಾಲಿಯಾಗುತ್ತ ಬಂದಿತ್ತು. ವಿಂಗಡಣೆಯ ಮೇಜಿನ ಮುಖ್ಯಸ್ಥೆ ಗಿರಿಜಾ ನನ್ನ ಹತ್ತಿರ ಬಂದಳು. ಕಿರಿಮಂಜೇಶ್ವರದವಳು, ಗಂಡ ಬೋಟಿಗೆ ಹೋಗುವವನು. ಅವಳ ಬೆರಳಿನ ಬಗ್ಗೆ ಹೇಳಲೇಬೇಕು. ಒಂದು ಪೌಂಡಿಗೆ ಸುಮಾರು ಇನ್ನೂರ ನಲವತ್ತು ಬರುವ ಬೀಜ, ಮುನ್ನೂರ ಇಪ್ಪತ್ತು ಬರುವ ಬೀಜ ಎಂದು ಗಾತ್ರ ವಿಂಗಡಿಸುತ್ತೇವೆ. ಗಿರಿಜಾ ಎದುರಿಗಿದ್ದವರ ಜೊತೆ ಮಾತಾಡುತ್ತಲೇ, ಬೀಜ ನೋಡದೆ, ಬೆರಳ ತುದಿಯಲ್ಲೇ ಅದನ್ನು ಬೇರೆ ಮಾಡುತ್ತಿದ್ದಳು. ಒಳಗೆ ಹುಳು ಹಿಡಿದ ಬೀಜವನ್ನು ತೂಕದಿಂದಲೇ ಹೇಳುತ್ತಿದ್ದಳು.

"ಲಲಿತಕ್ಕ, ಬೀಜ ಯಾವಾಗ ಬತ್ತ್? ಗಂಗೊಳ್ಳಿ ಬದಿಯಗೆ ಮೀನಿನ ಶೆಡ್ಡಿಗೆ ಕರೀತಿದ್ರ್. ಹೋಯ್ಕಾ ಬ್ಯಾಡ್ದಾ ಹೇಳಿ."

"ಹದಿನೈದ್ ದಿನ ಗಿರಿಜಾ. ಹಡಗ್ ಹೊರಟ ಕಾಗ್ದ ಬಂದಿತ್ತ್. ನೀ ಎಲ್ಲಿಗೂ ಹೋಪುದ್ ಬ್ಯಾಡ."

ಅವಳು ಹೋಗಲಿಲ್ಲ. ಅವಳು ಹೋಗದ್ದನ್ನು ನೋಡಿ ಮೇಜಿನ ಉಳಿದವರೂ ಹೋಗಲಿಲ್ಲ. ಹದಿನೈದು ದಿನ ಕಳೆಯಿತು, ತಿಂಗಳೂ ಕಳೆಯಿತು. ಅಲ್ಲಿಯ ವರ್ತಕ ನಮಗೆ ಒಪ್ಪಿಕೊಂಡಿದ್ದ ಸರಕನ್ನು ವಿಯೆಟ್ನಾಂಗೆ ಕೊಟ್ಟುಬಿಟ್ಟಿದ್ದ. ಹಡಗಿನಲ್ಲಿ ಬಂದದ್ದು ಅದರ ಸಣ್ಣ ಪಾಲು; ಕಾಗದವೂ ಆ ಮೊದಲ ಕಂತಿನದ್ದೇ, ಉಳಿದದ್ದು ಹಿಂದೆಯೇ ಬರುತ್ತದೆ ಎಂದುಕೊಂಡವಳು ನಾನು. ಕಾರ್ಖಾನೆ ಎರಡೂವರೆ ತಿಂಗಳು ಮುಚ್ಚಿತ್ತು. ಮೀನಿನ ಶೆಡ್ಡಿನಲ್ಲಿ ಅಷ್ಟರೊಳಗೆ ಬೇರೆಯವರು ಸೇರಿಯಾಗಿತ್ತು. ಗಿರಿಜಾಳ ಮಗಳು ಆ ವರ್ಷ ನರ್ಸಿಂಗ್ ಓದಲು ಸೇರಬೇಕಿತ್ತು, ಸೇರಲಿಲ್ಲ; ಮರುವರ್ಷ ಸೇರಿದಳು. ಇದನ್ನು ಗಿರಿಜಾ ನನಗೆ ಹೇಳಲಿಲ್ಲ. ಬಸ್ಸಿನಲ್ಲಿ ಬೇರೆ ಹೆಂಗಸರು ಮಾತಾಡುವಾಗ ಕಿವಿಗೆ ಬಿತ್ತು. ಆವತ್ತು ನನ್ನ ಮನೆಯಿರುವ ಬ್ರಹ್ಮಾವರದಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿನವರೆಗೆ ಹೋಗಿದ್ದೆ.

ನನ್ನ ಕೈಯಲ್ಲಿದ್ದ ಕಾಗದ ನಿಜವಾದದ್ದೇ. ಅದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ತಪ್ಪಿದ್ದು ನಾನು ಅದರ ಮೇಲೆ ಇಟ್ಟ ಭರವಸೆ. ಎಲ್ಲೋ ಎರಡು ದೊಡ್ಡ ದೇಶಗಳು ಬಾದಾಮಿಗಾಗಿ ಜಗಳವಾಡಿದರೆ ಹೆಮ್ಮಾಡಿಯಲ್ಲಿ ಬೋರ್ಮಾ ತಣ್ಣಗಾಗುತ್ತದೆ ಎಂಬುದು ಆಗ ಕಲಿತ ಪಾಠ. ಆಮೇಲಿಂದ ಪೇಪರಿನ ಆ ಪುಟ ತಿರುಗಿಸಿ ಹಾಕಲಿಲ್ಲ. ಆದರೆ ಓದುವುದರಿಂದ ತಡೆಯಲಾಗುವುದಿಲ್ಲ ಎಂದು ಕಲಿಯುವುದು ಬಾಕಿ ಇತ್ತು.

ಅದಾಗಿ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಸಿಪ್ಪೆ ಸುಲಿಯುವ ಯಂತ್ರ ಬಂತು, ಬಣ್ಣ ನೋಡಿ ವಿಂಗಡಿಸುವ ಯಂತ್ರವೂ ಬಂತು. ಯಂತ್ರ ಬಿಟ್ಟದ್ದನ್ನು ಹಿಡಿಯಲು ಕೊನೆಗೆ ಗಿರಿಜಾಳ ಮೇಜೇ ಬೇಕಿತ್ತು. ಕಾರ್ಖಾನೆಯ ಮಾಲೀಕ ವಿಠಲ ಶೆಟ್ಟರಿಗೆ ವಯಸ್ಸಾಗಿ ಮಗ ಪ್ರಸನ್ನ ವಹಿವಾಟು ನೋಡತೊಡಗಿದ. ಅಮೆರಿಕದ ನಮ್ಮ ಮುಖ್ಯ ಖರೀದಿದಾರರ ಕಚೇರಿಯಲ್ಲಿ ಮಾರ್ಥಾ ಎಂಬ ಹೆಂಗಸು ಇಪ್ಪತ್ತು ವರ್ಷಗಳಿಂದ ನನ್ನ ಇಮೇಲಿಗೆ ಉತ್ತರ ಬರೆಯುತ್ತಿದ್ದಳು. ಅವಳ ಮುಖ ನಾನು ನೋಡಿಲ್ಲ. ಅವಳ ಮೊಮ್ಮಗಳಿಗೆ ಹಲ್ಲು ಬಂದದ್ದು ಗೊತ್ತು.

ಹೋದ ವರ್ಷ ಸರದಿ ನೇರ ನಮ್ಮದೇ ಆಯಿತು. ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಇಪ್ಪತ್ತೈದು ಪ್ರತಿಶತ ಸುಂಕ ಹಾಕಿತು. ರಷ್ಯಾದ ಎಣ್ಣೆ ಕೊಳ್ಳುತ್ತೇವೆ ಎಂಬ ಕಾರಣಕ್ಕೆ ಇನ್ನೊಂದು ಇಪ್ಪತ್ತೈದು ಸೇರಿಸುವುದಾಗಿ ಹೇಳಿತು. ಅಮೆರಿಕಕ್ಕೂ ರಷ್ಯಾಕ್ಕೂ ಇರುವ ಹಗೆ, ಅದರ ಪೆಟ್ಟು ಗೇರುಬೀಜಕ್ಕೆ. ಒಂದು ಸಣ್ಣ ವಿನಾಯಿತಿ ಇತ್ತು: ಹೇಳಿದ ದಿನದೊಳಗೆ ಹಡಗು ಹತ್ತಿದ ಸರಕಿಗೆ ಎರಡನೆಯ ಸುಂಕ ಇಲ್ಲ.

ಮಾರ್ಥಾಳ ಆರ್ಡರು ಒಂದು ಕಂಟೇನರಿನಷ್ಟು ಬಾಕಿ ಇತ್ತು. ಗಿರಿಜಾಳ ಮೇಜಿನವರು ಊಟಕ್ಕೂ ಸರಿಯಾಗಿ ಏಳದೆ ನಾಲ್ಕು ದಿನ ಕೂತು ಮುಗಿಸಿಕೊಟ್ಟರು. ಡಬ್ಬಿ ತುಂಬಿ, ಸೀಲು ಹಾಕಿ, ಕಂಟೇನರು ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಯಿತು. ಆದರೆ ಎಲ್ಲರಿಗೂ ಅದೇ ಅವಸರ. ಕಾಫಿಯವರು, ಸೀಗಡಿಯವರು, ಬಟ್ಟೆಯವರು ಎಲ್ಲ ಅದೇ ಹಡಗಿಗೆ ನುಗ್ಗಿದ್ದರು. ಮಧ್ಯಾಹ್ನ ಬಂದರಿನ ಏಜೆಂಟರ ಫೋನು ಬಂತು.

"ಮೇಡಂ, ನಿಮ್ಮ ಕಂಟೇನರ್ ಹತ್ತಲಿಲ್ಲ. ಜಾಗ ಇಲ್ಲ ಅಂದ್ರು. ಮುಂದಿನ ಹಡಗು ಒಂಬತ್ತು ದಿನ ಬಿಟ್ಟು."

ಒಂಬತ್ತು ದಿನ ಬಿಟ್ಟರೆ ಗಡುವು ದಾಟುತ್ತಿತ್ತು. ಮಾರ್ಥಾಳಿಗೆ ಬರೆದೆ. ಉತ್ತರ ಬಂತು. ಎಂದಿನಂತೆ ಮನೆಯ ಸುದ್ದಿ ಇರಲಿಲ್ಲ. ಕಳುಹಿಸಬೇಡಿ, ಈ ಸುಂಕ ಕೊಟ್ಟು ನಾವು ಮಾರಲಾರೆವು, ಸದ್ಯಕ್ಕೆ ಎಲ್ಲ ಆರ್ಡರ್ ನಿಲ್ಲಿಸಲು ಹೇಳಿದ್ದಾರೆ ಎಂದಿತ್ತು. ಕೊನೆಗೆ ಒಂದು ಸಾಲು: ನನ್ನ ವಿಭಾಗವನ್ನೂ ಚಿಕ್ಕದು ಮಾಡುತ್ತಿದ್ದಾರೆ, ಮುಂದಿನ ತಿಂಗಳಿನಿಂದ ನಾನಿಲ್ಲಿ ಇರುವುದಿಲ್ಲ. ಸುಂಕ ಹಾಕಿದವರ ಊರಿನಲ್ಲೂ ಒಬ್ಬ ಹೆಂಗಸಿನ ಕೆಲಸ ಹೋಯಿತು. ಅದು ನನಗೆ ಹೊಳೆದಿರಲೇ ಇಲ್ಲ.

ಕಂಟೇನರು ವಾಪಸು ಬಂತು. ಮರುದಿನ ಪ್ರಸನ್ನ ನನ್ನ ಮೇಜಿನ ಎದುರು ಕುರ್ಚಿ ಎಳೆದು ಕೂತ.

"ಲಲಿತಕ್ಕ, ಒಂದ್ ದಾರಿ ಇತ್ತ್," ಎಂದ. ದುಬೈಯ ದಲ್ಲಾಳಿಯೊಬ್ಬ ಹೇಳಿದ್ದಂತೆ. "ಮಾಲ್ ಮೊದ್ಲ್ ಬೇರೆ ದೇಶಕ್ಕೆ ಹೋತ್ತ್. ಅಲ್ಲಿ ಡಬ್ಬಿ ಚೀಟಿ ಬದಲ್ ಮಾಡ್ತ್ರ್. ಅಲ್ಲಿಂದ ಅಮೆರಿಕಕ್ಕೆ. ನೀವ್ ಇಲ್ಲಿಂದ ಕಾಗ್ದ ಆ ನಮೂನಿಗೆ ಮಾಡಿ ಕೊಡ್ಕ್, ಅಷ್ಟೆ. ಬೀಜ ಹ್ಯಾಂಗೂ ಆಫ್ರಿಕಾದ್ ಅಲ್ದಾ? ನಮ್ದ್ ಅಂದ್ ಬರೀದಿದ್ರೆ ಸುಳ್ಳ್ ಎಂತ ಆತ್ತ್?"

ಸುಮ್ಮನೆ ತಳ್ಳಿಹಾಕುವ ಮಾತಲ್ಲ ಅದು. ಬೀಜ ಬೆಳೆದದ್ದು ಇಲ್ಲಿ ಅಲ್ಲ ಎಂಬುದು ನಿಜ. ಆದರೆ ಮೂಲ ದೇಶ ಎಂಬ ಖಾನೆಯಲ್ಲಿ ಇಷ್ಟು ವರ್ಷ ನಾವು ಭಾರತ ಎಂದೇ ಬರೆದಿದ್ದೆವು. ಚಿಪ್ಪಿನೊಳಗಿದ್ದದ್ದನ್ನು ತಿನ್ನುವ ವಸ್ತುವಾಗಿ ಮಾಡಿದ್ದು ಇಲ್ಲಿಯ ಕೈ ಎಂಬ ಕಾರಣಕ್ಕೆ.

"ಸುಲ್ದದ್ ಎಲ್ಲಿ ಪ್ರಸನ್ನ?" ಎಂದು ಕೇಳಿದೆ.

"ಇಲ್ಲೇ."

"ಹಾಂಗಾರೆ ಅದ್ ಇಲ್ಲಿದ್. ಸುಂಕ ಇಲ್ದಿದ್ದಾಗ ನಮ್ದ್, ಸುಂಕ ಬಂದಾಗ ಬೇರೆಯವ್ರದ್ ಅಂಬುಕಾತಿಲ್ಲೆ. ನಾನ್ ಆ ಕಾಗ್ದ ಮಾಡುದಿಲ್ಲೆ."

ಅವನಿಗೆ ಸಿಟ್ಟು ಬಂತು, ದನಿ ಏರಲಿಲ್ಲ. "ಮಾಡ್ದಿದ್ರೆ ಎರಡ್ ಶೆಡ್ ಮುಚ್ಕ್. ಆ ಹೆಂಗ್ಸ್ರಿಗೆ ಎಂತ ಹೇಳ್ತ್ರಿ? ನೀವಾದ್ರೆ ನಾಕ್ ತಿಂಗ್ಳಲ್ಲಿ ರಿಟೈರ್ ಆತ್ರಿ."

ನನ್ನ ಸತ್ಯಕ್ಕೆ ಬೆಲೆ ತೆರುವವಳು ನಾನಲ್ಲ ಎಂದು ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರನೆಯ ದಿನ ವಿಠಲ ಶೆಟ್ಟರು ಕೋಲು ಊರಿಕೊಂಡು ಕಚೇರಿಗೆ ಬಂದರು. ಮಗನಿಂದ ಎಲ್ಲ ಕೇಳಿದ್ದರು.

"ಅದ್ ಬ್ಯಾಡ ಪ್ರಸನ್ನ. ಚೀಟಿ ಒಂದ್ ಸಲ ಬದಲ್ ಮಾಡ್ರೆ ಆಮೇಲೆ ನಮ್ಮ್ ಚೀಟಿ ಯಾರೂ ನಂಬುದಿಲ್ಲೆ," ಎಂದರು. ನಂತರ ನನ್ನ ಕಡೆ ತಿರುಗಿ, "ಲಲಿತಾ, ಹೆಂಗ್ಸ್ರಿಗೆ ಹೇಳುದ್ ನೀನೇ ಹೇಳ್. ನಂಗ್ ಆಪುದಿಲ್ಲೆ," ಎಂದರು.

ಆ ಅಡ್ಡದಾರಿ ಹಿಡಿದವರು ಬೇರೆ ಕಡೆ ಕೆಲವರು ಇದ್ದರು ಎಂದು ಆಮೇಲೆ ಕೇಳಿದೆ. ಅವರಿಗೆ ಏನೂ ಆಗಲಿಲ್ಲ ಎಂದೂ ಕೇಳಿದೆ. ಹೊಸಬರು ಇದನ್ನು ತಿಳಿದಿರುವುದು ಒಳ್ಳೆಯದು. ಸರಿಯಾದದ್ದನ್ನು ಮಾಡಿದರೆ ಕೊನೆಗೆ ಲಾಭ ಆಗುತ್ತದೆ ಎಂದು ಯಾರಾದರೂ ಹೇಳಿದರೆ, ನನ್ನ ಅನುಭವ ಹಾಗಿಲ್ಲ.

ಸಂಜೆ ಕೆಲಸ ಬಿಡುವ ಮುಂಚೆ ಶೆಡ್ಡಿಗೆ ಹೋದೆ. ಹೆಂಗಸರು ಏಪ್ರನ್ ಬಿಚ್ಚಿ ಕೈ ತೊಳೆದು ನಿಂತಿದ್ದರು. ಸುತ್ತು ಬಳಸದೆ ಹೇಳಿದೆ: ಎರಡು ಶೆಡ್ಡು ಮುಚ್ಚುತ್ತವೆ, ಉಳಿದ ಶೆಡ್ಡಿಗೆ ವಾರಕ್ಕೆ ಮೂರು ದಿನ ಕೆಲಸ, ಸರದಿಯ ಮೇಲೆ. ರಷ್ಯಾದ ಎಣ್ಣೆಯ ವಿಷಯವನ್ನೂ ತಿಳಿದಷ್ಟು ಹೇಳಿದೆ.

ಹಿಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬಳು ಕೇಳಿದಳು: "ರಷ್ಯಾದ್ ಎಣ್ಣಿ ನಾವ್ ಎಲ್ ತಕಂಡಿತ್ ಅಮ್ಮ? ನಮ್ ಮನಿಯಗೆ ತೆಂಗಿನೆಣ್ಣಿಯೇ."

ಒಂದಿಬ್ಬರು ನಕ್ಕರು. ಅವಳು ತಮಾಷೆಗೆ ಕೇಳಿದ್ದಲ್ಲ. ನನಗೆ ಅದಕ್ಕಿಂತ ಸರಿಯಾದ ಪ್ರಶ್ನೆ ಯಾವ ಪೇಪರಿನಲ್ಲೂ ಸಿಕ್ಕಿಲ್ಲ.

ಗಿರಿಜಾ ಕೇಳಿದಳು: "ಎಷ್ಟ್ ದಿನಕ್ ಲಲಿತಕ್ಕ?"

"ಗೊತ್ತಿಲ್ಲೆ ಗಿರಿಜಾ. ಈ ಸಲ ನಾ ದಿನ ಹೇಳುದಿಲ್ಲೆ. ಬೇರೆ ಕೆಲ್ಸ ಸಿಕ್ರೆ ಹೋಯ್ನಿ. ಯಾರಾದ್ರೂ ಹೋದ್ರೆ ನಾನೇ ಶೆಟ್ರಿಗೆ ಹೇಳಿ ಅನುಭವದ ಕಾಗ್ದ ಬರ್ಕೊಡ್ತೆ."

ಅವಳು ಏಪ್ರನ್ ಮಡಚಿ ಮೇಜಿನ ಮೇಲಿಟ್ಟು, "ಆಯ್ತ್," ಎಂದಳು. ಮುಂದಿನ ವಾರದಿಂದ ಅವಳು ಬರಲಿಲ್ಲ.

ನಾವು ಖರೀದಿ ನಿಲ್ಲಿಸಿದ್ದು ಮಾಮಾದುವಿಗೂ ತಾಗಿತು. ಹಳ್ಳಿಯವರು ತಂದ ಗೋಣಿಗಳು ತನ್ನ ಅಂಗಳದಲ್ಲಿವೆ, ಯಾರಿಗೆ ಏನು ಹೇಳಲಿ ಎಂದು ಅವನು ಫೋನಿನಲ್ಲಿ ಕೇಳಿದ. ಅಮೆರಿಕದ ಸುಂಕ ಎಂದೆ. ಅಮೆರಿಕಕ್ಕೂ ನನಗೂ ಏನು ಸಂಬಂಧ ಎಂದ. ಬೇರೆಯವರ ಜಗಳದಲ್ಲಿ ಪೆಟ್ಟು ತಿಂದ ಚಿಕ್ಕವರು ನಾವು ಎಂದು ಅಷ್ಟು ದಿನ ಮರುಗುತ್ತಿದ್ದೆ. ಆ ಮನುಷ್ಯನಿಗೆ ನಾವೇ ಕೈಬಿಟ್ಟ ದೊಡ್ಡವರು.

ಪ್ರಸನ್ನನ ಬಗ್ಗೆ ನ್ಯಾಯವಾಗಿ ಹೇಳಬೇಕು. ಅವನು ಮುನಿಸು ಹಿಡಿದು ಕೂರಲಿಲ್ಲ. ವಾಪಸು ಬಂದ ಡಬ್ಬಿಗಳನ್ನು ಒಡೆಸಿ, ಕಾಲು ಕಿಲೋದ ಪ್ಯಾಕೆಟ್ ಮಾಡಿಸಿ, ಮುಂಬೈ, ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ನಮ್ಮ ಕಡೆಯವರ ಬಾಗಿಲಿಗೆ ತಾನೇ ಹೋದ. ಅವರಿಗೆ ಬೇಕಿದ್ದದ್ದು ಗ್ರೇವಿಗೆ ಅರೆಯಲು ತುಂಡು ಬೀಜ, ಬರ್ಫಿಗೆ ಹೋಳು. ದೊಡ್ಡ ಬಿಳಿ ಬೀಜಕ್ಕೆ ಅಷ್ಟು ಗಿರಾಕಿ ಇರಲಿಲ್ಲ. ಇಷ್ಟು ವರ್ಷ ಒಡೆಯಬಾರದು ಎಂದು ಬಯ್ದು ಕಲಿಸಿದ ಮೇಜಿನಲ್ಲಿ ಈಗ ಒಡೆದದ್ದಕ್ಕೇ ಬೇಡಿಕೆ. ನಾನು ಲೇಬಲ್ಲಿನ ಕನ್ನಡ, ಹಿಂದಿ ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ ತಿದ್ದಿಕೊಟ್ಟೆ. ಒಂದು ಶೆಡ್ಡು ಅದರಿಂದ ಉಳಿಯಿತು. ಡಿಸೆಂಬರಿನಲ್ಲಿ ನನ್ನನ್ನು ಹೂಹಾರ ಹಾಕಿ ಕಳುಹಿಸಿಕೊಟ್ಟರು.

ಈ ವರ್ಷದ ಆರಂಭದಲ್ಲಿ ಎರಡು ದೇಶಗಳ ನಡುವೆ ಮಾತುಕತೆ ಆಗಿ ಸುಂಕ ಇಳಿಯಿತು. ಪ್ರಸನ್ನ ಫೋನ್ ಮಾಡಿದ. ಅಮೆರಿಕದವರು ಮತ್ತೆ ಬೀಜ ಕೇಳುತ್ತಿದ್ದಾರೆ. ಯಂತ್ರ ಸಿದ್ಧ ಇದೆ. ದೊಡ್ಡ ಬೀಜ ವಿಂಗಡಿಸುವ ಕೈ ಇಲ್ಲ. ಹೊಸಬರು ಮಾಡಿದ್ದು ಮಾದರಿಯಲ್ಲೇ ತಿರಸ್ಕೃತವಾಯಿತಂತೆ. "ನೀವ್ ಕರೆದ್ರೆ ಗಿರಿಜಕ್ಕ ಬತ್ತ್ರ್," ಎಂದ. ಅಷ್ಟು ಖಾತ್ರಿ ನನಗಿರಲಿಲ್ಲ, ಆದರೂ ಹೊರಟೆ.

ಕಿರಿಮಂಜೇಶ್ವರದಲ್ಲಿ ಹೆದ್ದಾರಿಯ ಪಕ್ಕ ನೀಲಿ ಟಾರ್ಪಾಲಿನ ಕೆಳಗೆ ಗಿರಿಜಾ, ಅವಳ ನಾದಿನಿ ಮೀನು ಮಾರಲು ಕೂತಿದ್ದರು. ಕೊಂಡವರಿಗೆ ಕೊಯ್ದೂ ಕೊಡುತ್ತಿದ್ದರು. ನನ್ನನ್ನು ಕಂಡು ಗಿರಿಜಾ ಮಣೆ ಸರಿಸಿ ಕೂರಿಸಿದಳು. ಮಗಳು ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವುದನ್ನು ಹೇಳಿದಳು. ಸುಂಕ ಇಳಿದದ್ದನ್ನೂ ನಾನು ಬಂದ ವಿಷಯವನ್ನೂ ಹೇಳಿದೆ. ಮೊದಲಿಗಿಂತ ಹೆಚ್ಚು ಸಂಬಳ ಕೊಡುತ್ತಾರೆ, ಮೇಜಿನ ಮುಖ್ಯಸ್ಥೆಯ ಜಾಗ ಹಾಗೇ ಇದೆ ಎಂದೆ.

ಅವಳ ಕೈಯಲ್ಲಿ ಒಂದು ಬಂಗುಡೆ ಇತ್ತು. ನೋಡದೆಯೇ ಅದರ ಕಿವಿರು ತೆಗೆದಳು.

"ಹೊಸ್ಬರಿಗ್ ಕಲ್ಸುಕೆ ಬೇಕಾರೆ ಹತ್ತ್ ದಿನ ಬತ್ತೆ ಲಲಿತಕ್ಕ. ಬೀಜ ಕಂಡ್ರೆ ನಂಗ್ ಈಗ್ಳೂ ಆಸೆ ಆತ್ತ್. ಆರೆ ಕೆಲ್ಸಕ್ ಬಪ್ಪುದಿಲ್ಲೆ."

"ಎಂತಕ್ ಗಿರಿಜಾ? ಇಲ್ಲಿ ಬಿಸ್ಲಿಗೆ ಕೂಕಂಡ್ರೆ ಎಂತ ಸಿಕ್ಕತ್ತ್?"

"ಸಿಕ್ಕುದ್ ಕಮ್ಮಿಯೇ. ಆರೆ ನಾಳೆ ಮೀನ್ ಬತ್ತಾ ಇಲ್ಯಾ ಅಂದ್ ಕಡ್ಲ್ ಕಂಡ್ರೆ ಗೊತ್ತಾತ್ತ್. ಆ ಅಮೆರಿಕದವ್ರ್ ನಾಳೆ ಯಾರ್ ಮೇಲ್ ಸಿಟ್ಟಾತ್ರ್ ಅಂದ್ ನಾ ಎಲ್ಲಿ ಕಾಂಬುದ್?"

ಮುಂದೆ ಒತ್ತಾಯಿಸಲಿಲ್ಲ. ಒಂದು ಸಹಿ ಬಿದ್ದ ದಿನ ಸುಂಕ ಬಂದಿತ್ತು, ಇನ್ನೊಂದು ಸಹಿ ಬಿದ್ದ ದಿನ ಇಳಿದಿತ್ತು. ಇಂಥ ಬೆರಳು ತಯಾರಾಗಲು ಇಪ್ಪತ್ತು ವರ್ಷ ಬೇಕು ಎಂಬುದು ಸಹಿ ಹಾಕುವ ಯಾವ ಮೇಜಿನಲ್ಲೂ ಬರೆದಿರುವುದಿಲ್ಲ. ಬೇಡವೆಂದರೂ ಅವಳು ನಾಲ್ಕು ಬಂಗುಡೆ ಕೊಯ್ದು ಕಟ್ಟಿಕೊಟ್ಟಳು.

ಬಸ್ಸು ಹತ್ತಿ ಕೂತ ಮೇಲೆ ಪ್ರಸನ್ನನ ಫೋನು. ಹೊಸಬರಿಗೆ ಹತ್ತು ದಿನ ಕಲಿಸಲು ಬರುತ್ತಾಳೆ, ಕೆಲಸಕ್ಕೆ ಬರುವುದಿಲ್ಲ ಎಂದೆ.

"ಸುಂಕ ಇಳ್ದಿತ್ತ್ ಅಂದ್ ಹೇಳ್ಲಿಲ್ಯಾ ಲಲಿತಕ್ಕ?"

"ಹೇಳ್ದೆ."

"ಅದ್ಕೆ ಅವ್ರ್ ಎಂತ ಹೇಳ್ರ್?"

"ಒಳ್ಳೇದಾಯ್ತ್ ಅಂದ್ಳ್," ಎಂದೆ. "ಅಷ್ಟ್ ಹೇಳಿ ಇನ್ನೊಂದ್ ಮೀನ್ ತಕಂಡ್ಳ್."